ಬಸಿಯಲ್ಲಿ ಚಹಾ ಆರಿಸುವ ಪಾಠ

ನನ್ನ ಜೀವಮಾನದಲ್ಲಿ ಕಸಾಯಿ ಅಂಗಡಿಯ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದೂ ಶಾಲೆಯ ಮಕ್ಕಳಿಗಾಗಿ. ಮೊಟ್ಟೆಯನ್ನೂ ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಕಲಬುರಗಿಯ ಮನೆಯಲ್ಲಿ ಹುಟ್ಟಿದವಳು ನಾನು. ಅಮೀರ್‌ಪೇಟ್‌ನ ಹಿಂದಿನ ಗಲ್ಲಿಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತು, ಒಂದು ಕುರಿಯ ಭೇಜಾ, ಎಂದರೆ ಮೆದುಳು, ಬೇಕು, ಇಡಿಯಾಗಿ ಬೇಕು, ಕತ್ತರಿಸಬೇಡ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅಂಗಡಿಯವನು ನನ್ನ ಹಣೆಯ ವಿಭೂತಿ ನೋಡಿದ, ಮತ್ತೆ ನನ್ನ ಮುಖ ನೋಡಿದ. "ಫ್ರೈ ಕೂ ಹೋನಾ ಕಿ ಸಾಲನ್ ಕೂ, ಅಮ್ಮಾ?" ಎಂದ. ಹುರಿಯಲಿಕ್ಕೂ ಅಲ್ಲ, ಸಾರಿಗೂ ಅಲ್ಲ ಮಾರಾಯ, ಪಾಠ ಹೇಳಲಿಕ್ಕೆ ಎಂದು ಅವನಿಗೆ ಯಾವ ಭಾಷೆಯಲ್ಲಿ ತಿಳಿಸಲಿ? ಸುಮ್ಮನೆ ಸ್ಟೀಲ್ ಡಬ್ಬಿ ಮುಂದೆ ಚಾಚಿದೆ. ಅದನ್ನು ಮನೆಗೆ ತರದೆ ನೇರವಾಗಿ ಶಾಲೆಗೇ ಒಯ್ದೆನಾದರೂ ಸುದ್ದಿ ಮನೆ ಮುಟ್ಟಿತು. ನಮ್ಮವರು ವಾರಗಟ್ಟಲೆ ನನ್ನನ್ನು ಗೋಳು ಹೊಯ್ದುಕೊಂಡರು.

ಆಗ ಹೈದರಾಬಾದಿಗೆ ಸಾಫ್ಟ್‌ವೇರ್ ಹುಚ್ಚು ಹಿಡಿದಿದ್ದ ಕಾಲ. ಗಚ್ಚಿಬೌಲಿ ಕಡೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಅಮೀರ್‌ಪೇಟ್‌ನಲ್ಲಿ ಗೋಡೆಯೇ ಕಾಣದಷ್ಟು ಕೋಚಿಂಗ್ ಬೋರ್ಡುಗಳು. ಆ ಬೋರ್ಡುಗಳ ನಡುವೆ ಇದ್ದ ಒಂದು ವಸತಿ ಶಾಲೆಯಲ್ಲಿ ನಾನು ಜೀವಶಾಸ್ತ್ರದ ಟೀಚರ್. ಅಲ್ಲಿ ಆರನೆಯ ತರಗತಿಯಿಂದಲೇ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ತಯಾರಿ ಶುರುವಾಗುತ್ತಿತ್ತು. ಇನ್ನೂ ಹಾಲುಹಲ್ಲು ಬಿದ್ದು ಮುಗಿಯದ ಮಕ್ಕಳನ್ನು ಕೇಳಿದರೆ ಮುಂದೆ ಯಾವ ಕಾಲೇಜು, ಯಾವ ಬ್ರಾಂಚ್ ಎಂದು ಒದರುತ್ತಿದ್ದವು.

ಆ ಶಾಲೆಯ ಪದ್ಧತಿಯೊಂದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪ್ರತಿ ಶನಿವಾರ ಪರೀಕ್ಷೆ, ಸೋಮವಾರ ಬೆಳಿಗ್ಗೆ ರ‍್ಯಾಂಕು. ರ‍್ಯಾಂಕಿಗೆ ತಕ್ಕ ಸೆಕ್ಷನ್ನು, ಸೆಕ್ಷನ್ನಿಗೆ ತಕ್ಕ ಮಹಡಿ. ಬುದ್ಧಿವಂತರು ಮೊದಲ ಮಹಡಿಯಲ್ಲಿ. ರ‍್ಯಾಂಕು ಕೆಳಗಿಳಿದ ಹಾಗೆಲ್ಲ ಮಕ್ಕಳು ಮೇಲೆ ಹತ್ತಬೇಕು, ತಗಡಿನ ಮಾಡಿನ ನಾಲ್ಕನೆಯ ಮಹಡಿಯವರೆಗೆ. ಓದುವುದೂ ಅಲ್ಲೇ, ಮಲಗುವುದೂ ಅಲ್ಲೇ. ಹಾಗಾಗಿ ಸೋಮವಾರ ಪ್ರಾರ್ಥನೆಗೆ ಮೊದಲು ಇಡೀ ಕಟ್ಟಡದಲ್ಲಿ ಟ್ರಂಕು ಎಳೆಯುವ ಸದ್ದು. ಮಕ್ಕಳು ಸುತ್ತಿದ ಹಾಸಿಗೆಯನ್ನು ಬಗಲಿಗೆ ಅವುಚಿಕೊಂಡು, ಟ್ರಂಕನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಎತ್ತಿ ಇಡುತ್ತ ಹೋಗುತ್ತಿದ್ದರು. ಇಳಿಯುವವರಿಗೆ ಹತ್ತುವವರು ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪ್ರಿನ್ಸಿಪಾಲರಿಗೆ ಹೇಳಿದರೆ, "ಕಾಂಪಿಟಿಷನ್ ಮೇಡಂ, ಕಾಂಪಿಟಿಷನ್" ಎಂದು ನಗುತ್ತಿದ್ದರು. ಒಳ್ಳೆಯ ಮನುಷ್ಯರೇ, ಮಕ್ಕಳ ಹುಟ್ಟುಹಬ್ಬಕ್ಕೆ ತಪ್ಪದೆ ಚಾಕೊಲೇಟ್ ಕೊಡುತ್ತಿದ್ದರು.

ಒಂದು ಸೋಮವಾರ ಮಗುವೊಂದು ಟ್ರಂಕಿನ ಸಮೇತ ಮೆಟ್ಟಿಲ ಮೇಲೆ ಪ್ರಜ್ಞೆ ತಪ್ಪಿ ಬಿತ್ತು. ತಂದೆತಾಯಿ ಬಂದು ಗೇಟಿನಲ್ಲಿ ರಂಪ ಮಾಡಿದರು. ಆಮೇಲೆ ಆಡಳಿತದವರಿಗೆ ಹೊಳೆದದ್ದು ಟ್ರಂಕು ಬಿಡಿಸುವುದಲ್ಲ, ವಾರಕ್ಕೊಂದು 'ಬ್ರೈನ್ ಪೀರಿಯಡ್' ಇಡುವುದು. ಮೆದುಳು ಹೇಗೆ ಕೆಲಸ ಮಾಡುತ್ತದೆ, ಭಯವಾದಾಗ ಮೈಗೆ ಏನಾಗುತ್ತದೆ, ಅದನ್ನು ಹೇಗೆ ತಹಬಂದಿಗೆ ತರಬೇಕು ಎಂದು ಮಕ್ಕಳಿಗೆ ಕಲಿಸಬೇಕಂತೆ. ಒಂದು ಸಣ್ಣ ತರಬೇತಿಗೆ ಕಳಿಸಿ, ಅದನ್ನು ನನ್ನ ಕೊರಳಿಗೆ ಕಟ್ಟಿದರು. ನನ್ನ ಸಿಟ್ಟು ಇಡೀ ಸ್ಟಾಫ್‌ರೂಮಿಗೆ ಗೊತ್ತು. ಸಮಾಧಾನದ ಪಾಠ ಹೇಳಲು ನಾನೇ ಸಿಗಬೇಕೆ! ಮನೆಯಲ್ಲಿ ಹೇಳಿದಾಗ ನಮ್ಮವರು ಹೊಟ್ಟೆ ಹಿಡಿದು ನಕ್ಕರು. "ಭಲೇ! ಇನ್ನ ಆ ಮಕ್ಕಳನ್ನ ದೇವ್ರೇ ಕಾಯಬೇಕು" ಎಂದರು.

ಆದರೆ ಕೈಗೆ ಬಂದ ಕೆಲಸವನ್ನು ಕಾಟಾಚಾರಕ್ಕೆ ಮಾಡುವುದು ನನಗೆ ಬರುವುದಿಲ್ಲ. ಮೆದುಳಿನ ಪ್ಲಾಸ್ಟಿಕ್ ಮಾದರಿ ಸಿಗುತ್ತದೇನೋ ಎಂದು ಕೋಠಿಗೆ ಹೋಗಿ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಪುಸ್ತಕ ಮಾರುವ ಅಂಗಡಿಗಳನ್ನೆಲ್ಲ ಜಾಲಾಡಿದೆ. ಒಬ್ಬನ ಹತ್ತಿರ ಇತ್ತು, ಆದರೆ ತಲೆಬುರುಡೆಯ ಪೂರ್ತಿ ಸೆಟ್ಟೇ ಕೊಳ್ಳಬೇಕೆಂದು ಹಟ ಹಿಡಿದ. ಹಾಳಾಗಿ ಹೋಗು ಎಂದು ಬಂದುಬಿಟ್ಟೆ. ಹಾಗೆ ಹುಟ್ಟಿದ್ದು ಕುರಿಯ ಭೇಜಾದ ಯೋಚನೆ.

ಮರುದಿನ ಕಸಾಯಿ ಅಂಗಡಿಯಿಂದ ನೇರವಾಗಿ ಬಂದು, ತರಗತಿಯಲ್ಲಿ ಮೇಜಿನ ಮೇಲೆ ಡಬ್ಬಿ ಇಟ್ಟೆ. ಮುಚ್ಚಳ ಬಿಗಿದುಕೊಂಡಿತ್ತು. ತಿರುಗಿಸಿ ತಿರುಗಿಸಿ ಸಾಕಾಗಿ, "ಇದರ ಹೆಣಾ ಎತ್ತಲಿ!" ಎಂದು ಬಾಯಿ ತಪ್ಪಿ ಕನ್ನಡದಲ್ಲಿ ಬಂತು. ಮೂರನೆಯ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡಳು. ಮುಚ್ಚಳ ತೆಗೆದಾಗ ಅರ್ಧ ಮಕ್ಕಳು ಥೂ ಎಂದರು, ಇನ್ನರ್ಧ ಮಕ್ಕಳು ತಮ್ಮ ಅಮ್ಮ ಇದಕ್ಕೆ ಮೆಣಸಿನಪುಡಿ ಹಾಕಿ ಹುರಿಯುವ ಬಗೆಯನ್ನು ವರ್ಣಿಸಿದರು. ನಾನು ಬೆರಳಿಟ್ಟು ತೋರಿಸಿದೆ. ಹಣೆಯ ಹಿಂದಿನ ಈ ಭಾಗ ಮನೆಯ ಯಜಮಾನ. ಯೋಚನೆ, ಲೆಕ್ಕ, ತೀರ್ಮಾನ ಎಲ್ಲ ಅವನದು. ಒಳಗೆ, ಆಳದಲ್ಲಿ, ನಮ್ಮ ತಲೆಯಲ್ಲಾದರೆ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಒಂದು ತುಣುಕು ಇದೆ. ಅದು ಕಾವಲಿನ ನಾಯಿ. ನಾಯಿಗೆ ಕಳ್ಳನೂ ಒಂದೇ, ಟಪಾಲಿನವನೂ ಒಂದೇ. ಸಪ್ಪಳವಾದರೆ ಬೊಗಳುತ್ತದೆ. ಅದು ಬೊಗಳಿದರೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ಆ ಗದ್ದಲದಲ್ಲಿ ಯಜಮಾನನ ಮಾತು ಕೇಳಿಸುವುದಿಲ್ಲ, ಓದಿದ್ದೆಲ್ಲ ಮರೆತುಹೋಗುತ್ತದೆ.

ನಾಯಿಗೆ ಬೈದರೆ ಇನ್ನೂ ಜೋರಾಗಿ ಬೊಗಳುತ್ತದೆ, ಅದರ ಬೆನ್ನು ಸವರಬೇಕು ಎಂದೆ. ಹೇಗೆ ಸವರುವುದು? ಉಸಿರಿನಿಂದ. ಬಿಸಿ ಚಹಾವನ್ನು ಬಸಿಗೆ ಹುಯ್ದುಕೊಂಡು ಹೇಗೆ ಊದಿ ಆರಿಸುತ್ತೀರೋ ಹಾಗೆ, ಚಹಾ ತುಳುಕಬಾರದು, ಮೆತ್ತಗೆ, ಉದ್ದಕ್ಕೆ ಊದಬೇಕು. ಉಸಿರು ಹೊರಗೆ ಹೋಗುವುದು ಉದ್ದವಾದಷ್ಟೂ ನಾಯಿ ತಣ್ಣಗಾಗುತ್ತದೆ. ಹೈದರಾಬಾದಿನ ಮಕ್ಕಳಿಗೆ ಬಸಿಯ ಚಹಾ ಬಿಡಿಸಿ ಹೇಳಬೇಕೇ? ಎಲ್ಲರೂ ಅಂಗೈಯನ್ನು ಬಸಿ ಮಾಡಿಕೊಂಡು ಊದಿದರು. ಆ ದಿನ ನನಗೆ ಎಂಥ ಖುಷಿಯಾಯಿತೆಂದರೆ, ಮನೆಗೆ ಹೋಗಿ ನಮ್ಮವರ ಕುಚೋದ್ಯಕ್ಕೂ ಸಿಟ್ಟು ಬರಲಿಲ್ಲ.

ಎರಡು ಜಡೆಯ ಹುಡುಗಿ ಗಂಟೆ ಹೊಡೆದ ಮೇಲೆ ಹಿಂದೆ ಉಳಿದಳು. ಆ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿರಲಿಲ್ಲ. ಅತ್ತ ಇತ್ತ ನೋಡಿ, ದನಿ ತಗ್ಗಿಸಿ, "ನೀವು ನಮ್ಮ ಕಡಿಯವರೇನ್ರಿ, ಅಕ್ಕೋರೆ?" ಎಂದಳು. ಊರ ಕಡೆ ಮಕ್ಕಳು ಟೀಚರನ್ನು ಕರೆಯುವ ಆ ಮಾತು ಕಿವಿಗೆ ಬಿದ್ದು ಎಷ್ಟೋ ವರ್ಷವಾಗಿತ್ತು. ಅವರು ಯಾದಗಿರಿ ಕಡೆಯವರು. ತಾಯಿ ಗಚ್ಚಿಬೌಲಿಯ ಕಟ್ಟಡದ ಕೆಲಸದಲ್ಲಿ ಕಲ್ಲು ಹೊರುತ್ತಿದ್ದಳು, ತಂದೆ ಸಾಫ್ಟ್‌ವೇರ್ ಕಂಪನಿಯವರನ್ನು ಕರೆತಂದು ಬಿಡುವ ಕ್ಯಾಬಿನ ಡ್ರೈವರ್. ಹುಡುಗಿ ಲೆಕ್ಕದಲ್ಲಿ ಚುರುಕೆಂದು ಶಾಲೆಯವರು ಫೀ ಮಾಫಿ ಮಾಡಿ ಸೇರಿಸಿಕೊಂಡಿದ್ದರು, ಮೊದಲ ಮಹಡಿಯಲ್ಲಿ ಉಳಿದರೆ ಮಾತ್ರ ಎಂಬ ಷರತ್ತಿನ ಮೇಲೆ. ಮೇಲೆ ಹತ್ತಿದರೆ ಶಾಲೆಯಿಂದಲೇ ಇಳಿದಂತೆ.

"ಶನಿವಾರ ಪೇಪರ್ ಕೈಗೆ ಬಂದ ಕೂಡ್ಲೇ ಬೆರಳ ಹಿಡಕೋತಾವ್ರಿ" ಎಂದಳು. "ಪೆನ್ ಬಿಡಾಕೂ ಬರಂಗಿಲ್ಲ, ಬರಿಯಾಕೂ ಬರಂಗಿಲ್ಲ. ಇದೂ ನಾಯೀನೇ ಏನ್ರಿ?"

"ನಾಯೀನೇ ನೋಡವ್ವಾ. ನಾಳೆ ವಿರಾಮದಾಗ ನೀರಿನ ಟಾಕಿ ಹಿಂದ ಬಾ."

ನಾನು ಸ್ಟಾಫ್‌ರೂಮಿನಿಂದ ನಿಜವಾದ ಕಪ್ಪು ಬಸಿಯಲ್ಲೇ ಚಹಾ ಒಯ್ಯುತ್ತಿದ್ದೆ. ಅವಳು ಟಾಕಿಯ ಕಟ್ಟೆಯ ಮೇಲೆ ಕುಳಿತು, ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಊದುವಳು. ಮೊದಮೊದಲು ಚಹಾ ಚೆಲ್ಲಿ ಲಂಗವೆಲ್ಲ ಕಲೆ. ಆಮೇಲೆ ಕೈ ನಿಂತಿತು. "ಚಹಾ ಆರಿತೇನು?" ಎಂದು ಕೇಳಿದರೆ, "ಆರೇತ್ರಿ" ಎನ್ನುವಳು. "ನಾಯಿ?" ಎಂದರೆ, "ಬಾಲ ಅಲ್ಲಾಡಸಾಕತ್ತೈತ್ರಿ" ಎಂದು ಹಲ್ಲು ಬಿಡುವಳು. ಶನಿವಾರಗಳಲ್ಲಿ ಅವಳ ಬೆರಳು ಬಿಡತೊಡಗಿದವು. ಸೋಮವಾರ ಬೆಳಿಗ್ಗೆ ಅವಳ ಟ್ರಂಕು ಇದ್ದಲ್ಲೇ ಇರುತ್ತಿತ್ತು. ಪಕ್ಕದ ಹಾಸಿಗೆಯ ಹುಡುಗಿಯರಿಗೂ ಅವಳೇ ಊದುವುದನ್ನು ಸರಿಯಾಗಿ ಕಲಿಸಿದಳು. ಸಾಕು, ಒಂದು ಮಗುವಿಗಾದರೂ ಉಪಯೋಗವಾಯಿತಲ್ಲ ಎಂದುಕೊಂಡೆ.

ದಸರೆ ರಜೆ ಮುಗಿದ ಮೇಲಿನ ಒಂದು ಶನಿವಾರ ಪ್ರಿನ್ಸಿಪಾಲರು ಪರೀಕ್ಷೆಯ ಹಾಲಿಗೆ ಬಂದರು. ಮಕ್ಕಳು ಅಲ್ಲಲ್ಲಿ ಅಂಗೈ ಎತ್ತಿ ಊದಿಕೊಳ್ಳುವುದನ್ನು ಕಂಡು ಏನೆಂದು ವಿಚಾರಿಸಿದರು. ವಿಷಯ ತಿಳಿದು ಅವರಿಗೆ ಕುಣಿಯುವಷ್ಟು ಸಂತೋಷವಾಯಿತು. ಇಡೀ ಹೈದರಾಬಾದಿನಲ್ಲಿ ಇಂಥದ್ದು ಯಾವ ಶಾಲೆಯಲ್ಲೂ ಇಲ್ಲ ಮೇಡಂ ಎಂದರು. ಮುಂದಿನ ವಾರವೇ ನೋಟಿಸ್ ಬೋರ್ಡಿನಲ್ಲಿ ಹಾಕಿಸಿದರು. ಬ್ರೈನ್ ಪೀರಿಯಡ್ಡಿಗೂ ಇನ್ನು ಶನಿವಾರ ಪರೀಕ್ಷೆ, ಅದರ ಅಂಕ ರ‍್ಯಾಂಕಿಗೆ ಸೇರುತ್ತದೆ.

ನಾನು ಅವರ ಕೋಣೆಗೆ ನುಗ್ಗಿದೆ, ನುಗ್ಗಿದೆ ಎಂಬುದೇ ಸರಿಯಾದ ಮಾತು. "ಸರ್, ಪರೀಕ್ಷೆಯ ಭಯಕ್ಕೆ ಕೊಟ್ಟ ಔಷಧಿಯನ್ನೇ ಪರೀಕ್ಷೆ ಮಾಡಿದರೆ ಹೇಗೆ?" ಎಂದು ಕೂಗಾಡಿದೆ. ಅವರು ಕುರ್ಚಿ ತೋರಿಸಿದರು, ನೀರು ತರಿಸಿದರು. ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಮೇಡಂ, ಪರೀಕ್ಷೆಗೆ ಬರದಿದ್ದರೆ ಮಕ್ಕಳು ಅದನ್ನು ಯಾಕೆ ಓದುತ್ತಾರೆ? ನಿಮ್ಮ ವಿಷಯಕ್ಕೆ ಮರ್ಯಾದೆ ಸಿಗಲಿ ಎಂದೇ ಮಾಡಿದ್ದು" ಎಂದರು. ನನಗೆ ಮರ್ಯಾದೆ ಬೇಡ ಎಂದೆ. "ನೀವೇ ಮೊದಲು ಸ್ವಲ್ಪ ಊದಿಕೊಳ್ಳಿ" ಎಂದು ನಕ್ಕರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಆ ವಾರದಿಂದಲೇ ಶುರುವಾಯಿತು. ಸಂಜೆಯ ಓದಿನ ಹೊತ್ತಿನಲ್ಲಿ ಮಕ್ಕಳು ಹಿಂದೆ ಮುಂದೆ ತೂಗುತ್ತ ನನ್ನ ನಾಯಿಯನ್ನು ಬಾಯಿಪಾಠ ಮಾಡತೊಡಗಿದರು. ನಾಯಿ ಯಾವಾಗ ಬೊಗಳುತ್ತದೆ? ನಾಯಿ ಬೊಗಳಿದಾಗ ಆಗುವ ಐದು ಬದಲಾವಣೆಗಳಾವುವು? ಒಂದು ಬದಲಾವಣೆ ಮರೆತರೆ ಅಂಕ ಹೋಯಿತು. ಅಂಕ ಹೋದರೆ ಟ್ರಂಕು. ಸಾಲದ್ದಕ್ಕೆ ಶನಿವಾರ ಪ್ರಶ್ನೆಪತ್ರಿಕೆ ಹಂಚುವ ಮೊದಲು ಪಿ.ಟಿ. ಮಾಸ್ತರರು ಸೀಟಿ ಊದುವರು. ಎಲ್ಲ ಮಕ್ಕಳೂ ಒಟ್ಟಿಗೆ ಅಂಗೈ ಎತ್ತಬೇಕು, ಎರಡನೆಯ ಸೀಟಿಗೆ ಒಟ್ಟಿಗೆ ಊದಬೇಕು. ಯಾರು ಸರಿಯಾಗಿ ಊದಲಿಲ್ಲವೋ ಅವರ ಹೆಸರು ಬರೆದುಕೊಳ್ಳುವರು.

ಅಂಥದೇ ಒಂದು ಶನಿವಾರ ನಾನು ಹಾಲಿನ ಬಾಗಿಲಲ್ಲಿ ನಿಂತಿದ್ದೆ. ಸೀಟಿಯಾಯಿತು. ಆ ಹುಡುಗಿ ಅಂಗೈ ಎತ್ತಿ ತುಟಿ ಮುಂದೆ ಮಾಡಿದಳು. ಉಸಿರು ಹೊರಗೆ ಬರಲಿಲ್ಲ. ಅಂಗೈ ಹಾಗೇ ಮಡಚಿಕೊಂಡಿತು, ಬೆರಳುಗಳು ಒಂದರ ಮೇಲೊಂದು ಬಿಗಿದವು. ಇನ್ನೂ ಪ್ರಶ್ನೆಪತ್ರಿಕೆ ಬಂದಿರಲೇ ಇಲ್ಲ. ಊದುವುದೇ ಅವಳಿಗೆ ಪರೀಕ್ಷೆಯ ಮೊದಲ ಸಪ್ಪಳವಾಗಿಬಿಟ್ಟಿತ್ತು. ಸೋಮವಾರ ಅವಳ ಟ್ರಂಕು ಎರಡನೆಯ ಮಹಡಿಗೆ ಹತ್ತಿತು, ಮುಂದಿನ ಸೋಮವಾರ ಮೂರನೆಯದಕ್ಕೆ. ಸಂಕ್ರಾಂತಿಯ ರಜೆಯವರೆಗೆ ನೋಡುತ್ತೇವೆ, ಆಮೇಲೆ ಮಾಫಿ ಇಲ್ಲ ಎಂದು ಕಚೇರಿಯಿಂದ ತಂದೆಗೆ ಹೇಳಿ ಕಳಿಸಿದರು.

ನೀರಿನ ಟಾಕಿಯ ಹಿಂದೆ ಬಸಿ ತೋರಿಸಿದರೆ ಮುಖ ಆಚೆ ತಿರುಗಿಸಿದಳು. ಆಯಿತು, ಊದುವುದು ಬೇಡ ಎಂದು ಬೇರೆ ದಾರಿ ಹಿಡಿದೆ. ಚಪ್ಪಲಿ ಬಿಟ್ಟು ಅಂಗಾಲಿನಿಂದ ನೆಲ ಒತ್ತು, ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ಹೇಳು, ಅದರ ಮೇಲಷ್ಟೇ ಗಮನ ಇಡು ಎಂದೆ. ಅವಳು ಪಾದ ಊರಿದಳು. ಸ್ವಲ್ಪ ಹೊತ್ತು ನೆಲ ನೋಡಿ, ಮುಖ ಎತ್ತಿ ಕೇಳಿದಳು:

"ಇದೂ ಪರೀಕ್ಷಾದಾಗ ಬರ್ತೈತೇನ್ರಿ?"

"ಇಲ್ಲವ್ವಾ. ನಾ ಯಾರಿಗೂ ಹೇಳಂಗಿಲ್ಲ. ಇದು ನಮ್ಮಿಬ್ಬರದು."

ಅವಳು ನಂಬಲಿಲ್ಲ. ಯಾಕಾದರೂ ನಂಬಬೇಕು? ಪಾದ ಎತ್ತಿ ಚಪ್ಪಲಿಯೊಳಗೆ ತೂರಿಸಿಕೊಂಡಳು. ಆಮೇಲೆ, "ಅಕ್ಕೋರೆ, ಒಂದ್ ಮಾತ್ ಹೇಳ್ಲೇನ್ರಿ? ನೀವು ನಾಯಿ ಟಪಾಲ್‌ನವಂಗ ಬೊಗಳ್ತೈತಿ ಅಂತೀರಿ. ಇಲ್ಲಿ ಟಪಾಲ್‌ನವ ಯಾರ್ ಅದಾರ್ರಿ? ಖರೇನ ಕಳ್ಳರು ಬಂದಾರ. ಅದು ಬೊಗಳ್ಬಾರ್ದೇನ್ರಿ?" ಎಂದಳು.

ಮೆದುಳಿನ ಒಳಗನ್ನೆಲ್ಲ ಮಕ್ಕಳಿಗೆ ತೋರಿಸಿದ್ದೆ. ಮೆದುಳಿನ ಹೊರಗೆ ಇದ್ದ ಶನಿವಾರವನ್ನು ತೆಗೆಯುವುದು ನನ್ನ ಕೈಲಿರಲಿಲ್ಲ. ಬಸಿಯ ಚಹಾ ಕೆನೆಗಟ್ಟಿತ್ತು, ಮೋರಿಗೆ ಚೆಲ್ಲಿದೆ.

ಭಾನುವಾರ ತಂದೆತಾಯಂದಿರು ಮಕ್ಕಳನ್ನು ನೋಡಲು ಬರುತ್ತಿದ್ದರು. ಗೇಟಿನ ಆಚೆ ಫುಟ್‌ಪಾತಿನ ಮೇಲೆ ಬುತ್ತಿ ಬಿಚ್ಚಿ ಮಕ್ಕಳಿಗೆ ಉಣಿಸುತ್ತಿದ್ದರು. ನಾನು ಅವಳ ತಂದೆಗಾಗಿಯೇ ಆ ಭಾನುವಾರ ಹೋದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದ. ಮಗಳು ಒಂದು ತುತ್ತು ಹಿಡಿದುಕೊಂಡು ಸುಮ್ಮನೆ ಕುಳಿತಿದ್ದಳು. ಅವನು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕೋರೆ, ಅಕಿ ತಲ್ಯಾಗ ಏನರ ಫರಕ್ ಐತೇನ್ರಿ?" ಎಂದ.

"ತಲಿ ಭಾಳ ಛಲೋ ಐತ್ರಿ. ಈ ಜಾಗಾನೇ ಛಲೋ ಇಲ್ಲ. ನನ್ನ ಮಾತ್ ಕೇಳ್ರಿ, ಕರ್ಕೊಂಡು ಹೋಗ್ರಿ. ಸರ್ಕಾರಿ ಸಾಲಿಗೆ ಹಾಕ್ರಿ. ಕೂಸು ಉಳೀತೈತಿ."

ಅವನು ತಲೆ ಕೆರೆದುಕೊಂಡ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು. "ನಾವ್ ಇರೋದು ಸೈಟಿನ ಶೆಡ್ಡಿನಾಗ್ರಿ. ಈ ಸೈಟ್ ಮುಗದ್ರ ಮತ್ತೊಂದು. ಯಾವ ಸಾಲಿಗೆ ಹಾಕ್ಲಿ? ಮುಂದ ಅವ್ವನ ಸಂಗಟ ಕಲ್ಲು ಹೊರಾಕ ಹಚ್ಲೇನ್ರಿ? ನಾ ದಿನಾ ಮಂದೀನ ಆ ಗಾಜಿನ ಬಿಲ್ಡಿಂಗ್ ಗೇಟಿನ ತನಕ ಬಿಡ್ತೀನಿ. ಅವರೆಲ್ಲಾ ಕಾರ್ಡ್ ತೋರ್ಸಿ ಒಳಗ ಹೋಗ್ತಾರ. ಇಕಿ ಒಬ್ಬಾಕಿ ಒಳಗ ಹೋದ್ರ ಸಾಕ್ರಿ ನಮಗ. ಸ್ವಲ್ಪ ಅಂಜಿಕಿ ತಡಕೊಳ್ಳಲಿ." ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಸಂಕ್ರಾಂತಿಗೆ ಮನೆಗೆ ಕರೆದುಕೊಂಡು ಹೋಗಿ ಮಗಳಿಗೆ ಬುದ್ಧಿ ಹೇಳುತ್ತೇನೆ ಎಂದ. ನಾನು ಹೂಂಗುಟ್ಟಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕಣ್ಣೀರು ತಡೆಯಲಿಲ್ಲ.

ಶೆಡ್ಡಿನಲ್ಲಿ ಏನು ಬುದ್ಧಿ ಹೇಳಿದರೋ, ಅತ್ತರೋ, ಕೈ ಮುಗಿದರೋ, ನನಗೆ ಗೊತ್ತಿಲ್ಲ. ರಜೆ ಮುಗಿಸಿ ಬಂದ ಹುಡುಗಿ ಬೇರೆಯಾಗಿದ್ದಳು. ಶನಿವಾರ ಸೀಟಿಯಾದಾಗ ಎಲ್ಲರ ಜೊತೆ ಅಂಗೈ ಎತ್ತಿದಳು, ಎಲ್ಲರ ಜೊತೆ ಊದಿದಳು. ಬೆರಳು ಹಿಡಿಯಲಿಲ್ಲ. ತಲೆ ಎತ್ತದೆ ಬರೆದಳು. ವಾರ ವಾರ ಟ್ರಂಕು ಇಳಿಸಿಕೊಂಡು ಮೊದಲ ಮಹಡಿಗೆ ಬಂದಳು. ಇಳಿಯುವಾಗ ಬೇರೆ ಮಕ್ಕಳ ಹಾಗೆ ನಗಲಿಲ್ಲ, ತನಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡವರ ಕಡೆ ನೋಡಲೂ ಇಲ್ಲ. ಊಟಕ್ಕೆ ಬಡಿಸಿದಷ್ಟು ತಿನ್ನುವಳು, ಏಳು ಎಂದರೆ ಏಳುವಳು. ಪ್ರಿನ್ಸಿಪಾಲರು ತಂದೆತಾಯಂದಿರ ಸಭೆಯಲ್ಲಿ ಅವಳನ್ನು ವೇದಿಕೆಯ ಮೇಲೆ ನಿಲ್ಲಿಸಿ, ನಮ್ಮ ಬ್ರೈನ್ ಪೀರಿಯಡ್ಡಿನ ಫಲ ಎಂದು ತೋರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಅವಳ ತಂದೆ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದು ನನಗೆ ರೊಟ್ಟಿಯ ಗಂಟು ಕೊಟ್ಟ. "ನಿಮ್ಮ ಪಾಠ ಕೆಲಸ ಮಾಡ್ತ್ರಿ, ಅಕ್ಕೋರೆ" ಎಂದ. ಅವನ ಕಣ್ಣು ತುಂಬಿದ್ದವು. ಆ ಗಂಟನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ.

ಸಭೆ ಚದುರುವಾಗ ಅವಳು ನೀರಿನ ಟಾಕಿಯ ಹತ್ತಿರ ಕೈ ತೊಳೆಯುತ್ತಿದ್ದಳು. ಸುತ್ತ ಯಾರೂ ಇರಲಿಲ್ಲ. ಹತ್ತಿರ ಹೋಗಿ ಹಳೆಯ ಸಲಿಗೆಯಿಂದಲೇ ಕೇಳಿದೆ.

"ನಾಯಿ ಹೆಂಗೈತವ್ವಾ?"

ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. "ಈಗ ಬೊಗಳಂಗಿಲ್ರಿ, ಮೇಡಂ" ಎಂದಳು. ಅಕ್ಕೋರೆ ಎನ್ನಲಿಲ್ಲ.

"ಮಲಗೈತೇನು?"

ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಯೋಚಿಸಿದಳು. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕೆಂಬ ಹುಡುಗಿ, ಮೊದಲಿನಿಂದಲೂ ಹಾಗೇ.

"ಗೊತ್ತಿಲ್ರಿ. ನಾ ಕರದ್ರೂ ಬರಂಗಿಲ್ಲ."